ಜಯನಗರದಿಂದ ಪುತ್ತೂರಿಗೆ: ವಿಮಾನವೋ, ರಸ್ತೆಯೋ?

ಪ್ರಶ್ನೆ:
ಶ್ರಾವಣದ ಮೊದಲ ವಾರದಲ್ಲಿ, ಮಂಡಿನೋವಿರುವ ನನ್ನ ತಾಯಿಯವರನ್ನು ಬೆಂಗಳೂರಿನ ಜಯನಗರದಿಂದ ಪುತ್ತೂರಿನ ಮನೆಗೆ ಕರೆದೊಯ್ಯಬೇಕಾಗಿದೆ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಇದ್ದು, ವಿಮಾನ ಒಂದು ಗಂಟೆಯಲ್ಲಿ ತಲುಪುವುದರಿಂದ ಅದೇ ಮೇಲೆಂದು ತೋರುತ್ತದೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ನಿಜವಾಗಿ ಎಷ್ಟು ಸಮಯ ಉಳಿಯಬಹುದು? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ತಾವು ಹೋಗಬೇಕಾದ ಊರು ಮಂಗಳೂರಾಗಿದ್ದರೆ ನಾನೂ ವಿಮಾನವನ್ನೇ ಸೂಚಿಸುತ್ತಿದ್ದೆ. ಆದರೆ ಪುತ್ತೂರು ಮಂಗಳೂರಿಗಿಂತ ಮೊದಲೇ ಸಿಗುವ ಊರು. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು, ಉಪ್ಪಿನಂಗಡಿಯಲ್ಲಿ ಎಡಕ್ಕೆ ತಿರುಗಿದರೆ ಒಟ್ಟು ದೂರ 300 ಕಿ.ಮೀ. ಆಸುಪಾಸಿನಲ್ಲೇ ಮುಗಿಯುತ್ತದೆ. ವಿಮಾನದಲ್ಲಿ ಹೋದರೆ ಪುತ್ತೂರನ್ನು ದಾಟಿ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿಳಿದು, ಅಲ್ಲಿಂದ ಬಿ.ಸಿ. ರೋಡ್ ಎಂಬ ಊರಿನ ಮೂಲಕ ಮತ್ತೆ ಪೂರ್ವಕ್ಕೆ ಹಿಂದಿರುಗಬೇಕು. ಅದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಇತ್ತ ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ನಗರದ ಇನ್ನೊಂದು ತುದಿಯಲ್ಲಿರುವುದರಿಂದ ಅಲ್ಲಿಗೂ ಒಂದೂವರೆ ಗಂಟೆ ಹಿಡಿಯುತ್ತದೆ. ಹೊರಡುವ ಮುನ್ನ ಕಾಯುವ ಎರಡು ಗಂಟೆ, ಹಾರಾಟದ ಒಂದು ಗಂಟೆ, ಸಾಮಾನು ಪಡೆಯುವ ಅರ್ಧ ಗಂಟೆ ಸೇರಿದರೆ ಆರೂವರೆ ಗಂಟೆಯಾಯಿತು. ಊಟಕ್ಕೆ ನಿಲ್ಲಿಸಿಕೊಂಡು ಕಾರಿನಲ್ಲಿ ಹೋದರೂ ಏಳು ಗಂಟೆ ಸಾಕು. ಅರ್ಧ ಗಂಟೆಯ ಉಳಿತಾಯಕ್ಕಾಗಿ ಹಿರಿಯರನ್ನು ಇಷ್ಟು ಬಾರಿ ಹತ್ತಿಸಿ ಇಳಿಸುವುದು ನನಗೆ ಸರಿಯೆನಿಸುವುದಿಲ್ಲ.

ಉತ್ತರ 2:
ಮೇಲಿನ ಲೆಕ್ಕ ಬೇಸಿಗೆಗೆ ಒಪ್ಪುತ್ತದೆ, ಆದರೆ ತಾವು ಹೊರಡುತ್ತಿರುವುದು ಮಳೆಗಾಲದಲ್ಲಿ. 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದು ಶಿರಾಡಿಯ ಸಂಚಾರ ನಿಂತಿತ್ತು. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ಘಾಟಿಯ ಸ್ಥಿತಿಯನ್ನು ವಿಚಾರಿಸಲೇಬೇಕು. ಅದು ಮುಚ್ಚಿದ್ದರೆ ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯದ ಮಾರ್ಗವಿದೆ. ದೂರ ಐವತ್ತು ಅರವತ್ತು ಕಿ.ಮೀ. ಹೆಚ್ಚಾದರೂ ಜಯನಗರದವರಿಗೆ ಮೈಸೂರು ರಸ್ತೆ ಸೇರುವುದು ಸುಲಭ, ಮತ್ತು ಸುಳ್ಯದಿಂದ ನೇರವಾಗಿ ಪುತ್ತೂರಿಗೇ ಬರಬಹುದು. ಆದರೂ 2018ರ ಆಗಸ್ಟ್‌ನಲ್ಲಿ ಆ ರಸ್ತೆಯೂ ಕುಸಿದಿದ್ದನ್ನು ಮರೆಯಬಾರದು. ಮಳೆ ಜೋರಾದರೆ ವಿಮಾನಕ್ಕೂ ತೊಡಕುಂಟು: ಬಜ್ಪೆಯ ರನ್‌ವೇ ಗುಡ್ಡವನ್ನು ಸಮಗೊಳಿಸಿ ಮಾಡಿದ್ದು, ಮೋಡ ಕವಿದು ದಾರಿ ಕಾಣದಾದಾಗ ವಿಮಾನಗಳನ್ನು ಬೇರೆ ನಿಲ್ದಾಣಗಳಿಗೆ ಕಳುಹಿಸುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಾಯಿಯವರಿಗೆ ಏಳು ಗಂಟೆ ಕಾಲು ಮಡಚಿ ಕುಳಿತಿರುವುದು ಕಷ್ಟವೆಂಬುದೊಂದೇ ಈಗ ಉಳಿದಿರುವ ಚಿಂತೆ.

ಉತ್ತರ 3:
ಹಾಗಿದ್ದರೆ ಕಣ್ಣೂರಿಗೆ ಹೋಗುವ ರಾತ್ರಿ ರೈಲನ್ನು ಪರಿಗಣಿಸಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ ರೈಲು ಬಹಳ ನಿಧಾನವಾಗಿ ಸಾಗುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ, ನಿಜ. ಆದರೆ ಅಷ್ಟು ಹೊತ್ತೂ ಅವರು ಕಾಲು ಚಾಚಿ ಮಲಗಿರಬಹುದು, ಮತ್ತು ರೈಲು ಪುತ್ತೂರಿನ ನಿಲ್ದಾಣವಾದ ಕಬಕ ಪುತ್ತೂರಿನಲ್ಲೇ ನಿಲ್ಲುತ್ತದೆ. ಭೂಕುಸಿತದಿಂದ 2024ರಲ್ಲಿ ಈ ಮಾರ್ಗವೂ ಕೆಲವು ದಿನ ಮುಚ್ಚಿತ್ತು. ಹಾಗಾಗಿ ಹಿಂದಿನ ದಿನವೇ ರೈಲು ಓಡುತ್ತಿದೆಯೇ ಎಂದು ನೋಡಿಕೊಂಡು, ಕೆಳಗಿನ ಬರ್ತ್‌ಗಾಗಿ ಹಿರಿಯ ನಾಗರಿಕರ ಕೋಟಾದಲ್ಲಿ ಈಗಲೇ ಟಿಕೆಟ್ ಮಾಡಿಸಿ.