ಹಳೇ 800ಕ್ಕೆ ದಪ್ಪದ ಚಾರ್ಜಿಂಗ್ ವೈರ್ ಹಾಕಿದ್ರೆ ಬ್ಯಾಟರಿ ಇಳಿಯುದು ನಿಲ್ತದಾ?

ಕಾಪು_800:
ನಮಸ್ಕಾರ ಎಲ್ರಿಗೂ. ನನ್ನತ್ರ 1997 ಮಾಡೆಲ್ ಮಾರುತಿ 800 ಎಸಿ ಉಂಟು, ಕಾರ್ಬುರೇಟರಿಂದು, ಅಪ್ಪ ತೆಗೊಂಡ ಗಾಡಿ, ಮಾರುವ ಯೋಚನೆ ಇಲ್ಲವೇ ಇಲ್ಲ. ದಿನಾ ಕಾಪುವಿಂದ ಮಂಗಳೂರಿಗೆ ಹೋಗಿ ಬರುದು. ಮಳೆ ಶುರುವಾದ್ಮೇಲೆ ಸಂಜೆ ವಾಪಸ್ ಬರುವಾಗ ಹೆಡ್‌ಲೈಟ್, ವೈಪರ್, ಎಸಿ ಎಲ್ಲ ಒಟ್ಟಿಗೆ ಹಾಕ್ಲೇಬೇಕಾಗ್ತದೆ ಅಲ್ವಾ, ಕೊಟ್ಟಾರ ಚೌಕಿ ಜಾಮಲ್ಲಿ ನಿಂತ್ರೆ ಲೈಟ್ ಮೊಂಬತ್ತಿ ಹಾಗೆ ಆಗ್ತದೆ, ವೈಪರ್ ಅರ್ಧದಲ್ಲಿ ನಿಂತು ನಿಂತು ಹೋಗ್ತದೆ. ಈ ಮಳೆಗಾಲದಲ್ಲಿ ಎರಡು ಸಲ ಬೆಳಿಗ್ಗೆ ಸ್ಟಾರ್ಟೇ ಆಗ್ಲಿಲ್ಲ, ಬ್ಯಾಟರಿ ಹೊಸದು, ಒಂದು ವರ್ಷ ಸಹ ಆಗ್ಲಿಲ್ಲ.

ಬ್ಯಾಟರಿ ಅಂಗಡಿಯವ್ರು ಡೈನಮೋ ಹೋಗಿದೆ ಬೇರೆ ಹಾಕಿ ಅಂತಾರೆ. ಇನ್ನೊಬ್ಬ ಎಲೆಕ್ಟ್ರಿಷಿಯನ್ ಹೇಳ್ತಾರೆ ಡೈನಮೋ ಸರಿ ಉಂಟು, ಅದರಿಂದ ಬ್ಯಾಟರಿಗೆ ದಪ್ಪ ವೈರ್ ಎಳೆದು ಬಿಡುವ ಅಂತ. ನಾನೇ ಮಲ್ಟಿಮೀಟರ್ ಹಿಡಿದು ನೋಡಿದ್ದು: ಬೆಳಿಗ್ಗೆ ಇಂಜಿನ್ ಆಫಲ್ಲಿ ಬ್ಯಾಟರಿ 12.3, ಸ್ಟಾರ್ಟ್ ಮಾಡಿ ಎಂತದ್ದೂ ಹಾಕದೆ 13.9, ಎಲ್ಲ ಹಾಕಿದ್ರೆ ಐಡಲಲ್ಲಿ 12.6ಕ್ಕೆ ಇಳಿತದೆ. ದಪ್ಪ ವೈರ್ ಹಾಕುದಾದ್ರೆ ಎಷ್ಟು ದಪ್ಪ, ಎಲ್ಲಿಂದ ಎಲ್ಲಿಗೆ? ಡೈನಮೋಗೆ ಲೋಡ್ ಜಾಸ್ತಿಯಾಗಿ ಸುಟ್ಟು ಹೋಗ್ತದಾ? ಗೊತ್ತಿದ್ದವ್ರು ಸ್ವಲ್ಪ ಹೇಳಿ.

ಸುರತ್ಕಲ್_ವೈರ್‌ಮ್ಯಾನ್:
ದುಡ್ಡು ಖರ್ಚು ಮಾಡುವ ಮೊದ್ಲು ಇನ್ನೊಂದು ಅರ್ಧ ಗಂಟೆ ಅದೇ ಮೀಟರ್ ಹಿಡೀರಿ ಮಾರಾಯ್ರೆ. ನೀವು ನೋಡಿದ್ದು ಬ್ಯಾಟರಿಯಲ್ಲಿ ಎಷ್ಟು ಬಂತು ಅಂತ ಮಾತ್ರ, ಡೈನಮೋ ಎಷ್ಟು ಕೊಟ್ಟಿತು, ದಾರಿಯಲ್ಲಿ ಎಷ್ಟು ಕಳೆದು ಹೋಯ್ತು ಅಂತ ಗೊತ್ತಾಗ್ಬೇಕಲ್ವಾ.

ಇಂಜಿನ್ ಸ್ಟಾರ್ಟ್ ಮಾಡಿ ಹೆಡ್‌ಲೈಟ್, ಬ್ಲೋವರ್ ಫುಲ್, ಎಸಿ ಎಲ್ಲ ಹಾಕಿ, ಒಬ್ಬರನ್ನು ಕೂರಿಸಿ 2000 ಆರ್‌ಪಿಎಮ್ ಅಂದಾಜಿಗೆ ಆಕ್ಸಿಲರೇಟರ್ ಹಿಡಿಲಿಕ್ಕೆ ಹೇಳಿ. ಮೊದ್ಲು ಆಲ್ಟರ್ನೇಟರಿನ (ನಾವು ಡೈನಮೋ ಅಂತ ಹೇಳುದು ಇದನ್ನೇ) ಬಿ ಬೋಲ್ಟಿಗೂ, ಅಂದ್ರೆ ಚಾರ್ಜಿಂಗ್ ವೈರ್ ಹೊರಡುವ ಬೋಲ್ಟಿಗೂ, ಅದರದ್ದೇ ಬಾಡಿಗೂ ಮಧ್ಯ ನೋಡಿ, ಅದು ಅಲ್ಲಿ ಹುಟ್ಟುವ ವೋಲ್ಟೇಜ್. ಆಮೇಲೆ ಒಂದು ಕಡ್ಡಿ ಬಿ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪಾಸಿಟಿವಿಗೆ, ಕ್ಲಾಂಪಿಗೆ ಅಲ್ಲ ಸೀಸದ ಪೋಸ್ಟಿಗೇ ಹಿಡೀಬೇಕು. ಅದು ಪಾಸಿಟಿವ್ ದಾರಿಯ ನಷ್ಟ, 0.2, ಹೆಚ್ಚೆಂದ್ರೆ 0.3 ಇರ್ಬಹುದು. ಹಾಗೆಯೇ ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್ ಪೋಸ್ಟಿಗೆ ನೋಡಿ, ಅಲ್ಲಿ 0.1 ಆಸುಪಾಸು ಇರ್ಬೇಕು, 0.2 ದಾಟ್ಲೇಬಾರ್ದು. ಫ್ಯಾನ್ ಬೆಲ್ಟಿಗೆ ಕೈ, ಅಂಗಿ ತೋಳು, ಮೀಟರಿನ ವೈರ್ ಸಿಕ್ಕಬಾರ್ದು, ಜಾಗ್ರತೆ.

ಮತ್ತೆ ಇದೊಂದು ಹೇಳಿಯೇ ಬಿಡ್ತೇನೆ, ನಮ್ಮಲ್ಲಿ ಕೆಲವು ಗ್ಯಾರೇಜಲ್ಲಿ ಇಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಎತ್ತಿ ಡೈನಮೋ ಚೆಕ್ ಮಾಡ್ತಾರೆ, ದಯವಿಟ್ಟು ಹಾಗೆ ಮಾಡ್ಲಿಕ್ಕೆ ಬಿಡ್ಬೇಡಿ. ಬ್ಯಾಟರಿ ತಪ್ಪಿದ ಕೂಡ್ಲೇ ವೋಲ್ಟೇಜ್ ಒಮ್ಮೆಲೆ ಮೇಲೆ ಹಾರ್ತದೆ, ಡೈನಮೋ ಒಳಗಿನ ಸರಿ ಇದ್ದ ಡಯೋಡ್, ರೆಗ್ಯುಲೇಟರ್ ಅಲ್ಲೇ ಹೋಗ್ತದೆ.

ಕಾಪು_800:
ಇವತ್ತು ತಮ್ಮನನ್ನು ಕೂರಿಸಿ ನೋಡಿದೆ ಸರ್. ಆಲ್ಟರ್ನೇಟರಲ್ಲಿ 14.1, ಬ್ಯಾಟರಿಯಲ್ಲಿ 12.9. ಪಾಸಿಟಿವ್ ಕಡೆ 0.35, ನೆಗೆಟಿವ್ ಕಡೆ 0.85. ಮೀಟರ್ ತಪ್ಪು ತೋರಿಸ್ತದಾ ಅಂತ ಮೂರು ಸಲ ನೋಡಿದೆ, ಅದೇ ಬಂತು.

ಸುರತ್ಕಲ್_ವೈರ್‌ಮ್ಯಾನ್:
ಮೀಟರ್ ಸರಿಯೇ ಉಂಟು, ಕೂಡಿಸಿ ನೋಡಿ, 0.35ಕ್ಕೆ 0.85 ಸೇರಿಸಿದ್ರೆ 1.2, 14.1ರಿಂದ ಕಳೆದ್ರೆ ಸರಿಯಾಗಿ 12.9. ಡೈನಮೋ ಪಾಪ ಕೊಡ್ತಾ ಉಂಟು, ನೀವು ಅದನ್ನು ಬದಲಿಸಿದ್ರೂ ಲೈಟ್ ಹಾಗೆಯೇ ಇರ್ತಿತ್ತು. ಆ ಎಲೆಕ್ಟ್ರಿಷಿಯನ್ ಹೇಳಿದ ಹಾಗೆ ಪಾಸಿಟಿವಿಗೆ ಮಾತ್ರ ದಪ್ಪ ವೈರ್ ಎಳೆದಿದ್ರೂ ದೊಡ್ಡ ನಷ್ಟ ಹಾಗೆಯೇ ಉಳಿತಿತ್ತು, ಯಾಕೆಂದ್ರೆ ನಿಮ್ಮದು ಅರ್ಥಿಂಗ್ ಹೋಗಿರುದು.

ಇಂಜಿನ್ ಕೂತಿರುದು ರಬ್ಬರ್ ಮೌಂಟಿಂಗ್ ಮೇಲೆ, ಬಾಡಿಗೆ ಲೋಹ ಮುಟ್ಟುದಿಲ್ಲ. ಆಲ್ಟರ್ನೇಟರಿನ ಕರೆಂಟ್ ವಾಪಸ್ ಬರುದು ಇಂಜಿನಿಂದ ಬಾಡಿಗೆ, ಬ್ಯಾಟರಿಗೆ ಇರುವ ಆ ಒಂದೆರಡು ಅರ್ಥಿಂಗ್ ವೈರಿಂದ ಮಾತ್ರ. ಎಲ್ಲ ಹಾಕಿದಾಗ 35 ಆಂಪಿಯರ್ ಅಂದಾಜು ಇಡಿ, 0.85 ವೋಲ್ಟ್ ಅಂದ್ರೆ 30 ವ್ಯಾಟ್, ಅಂದ್ರೆ ಒಂದು ಸಣ್ಣ ಸೋಲ್ಡರಿಂಗ್ ಐರನಿನಷ್ಟು ಬಿಸಿ ಒಂದು ತುಕ್ಕು ಹಿಡಿದ ಬೋಲ್ಟಿನ ಅಡಿಯಲ್ಲಿ. ಇನ್ನೊಂದು ಕೇಳ್ತೇನೆ, ನಿಮ್ಮ ಕ್ಲಚ್ ಕೇಬಲೋ ಚೋಕ್ ಕೇಬಲೋ ಗಟ್ಟಿ ಆಗಿದೆಯಾ? ಅರ್ಥಿಂಗ್ ಹೋದಾಗ ಸ್ಟಾರ್ಟರಿನ ಕರೆಂಟ್ ಆ ಕೇಬಲ್‌ಗಳಲ್ಲಿ ದಾರಿ ಹುಡುಕ್ತದೆ, ಒಳಗಿನ ಪ್ಲಾಸ್ಟಿಕ್ ಕರಗ್ತದೆ.

ಕಾಪು_800:
ಅಯ್ಯೋ ಹೌದು!! ಕ್ಲಚ್ ಕೇಬಲ್ ಆರು ತಿಂಗಳಲ್ಲಿ ಎರಡು ಸಲ ಬದಲಿಸಿದ್ದೇನೆ, ಕೇಬಲ್ ಕ್ವಾಲಿಟಿ ಇಲ್ಲ ಅಂತ ತಿಳ್ಕೊಂಡಿದ್ದೆ. ಹಾಗಾದ್ರೆ ಈಗ ಎಂತ ಎಲ್ಲ ಹಾಕ್ಬೇಕು?

ಮಲ್ಪೆ_ಬೋಟ್_ಎಲೆಕ್ಟ್ರಿಕಲ್:
ನಾನು ಬೋಟಿನ ವೈರಿಂಗ್ ಮಾಡುವವ, ಉಪ್ಪಿನ ಗಾಳಿಯೊಟ್ಟಿಗೇ ದಿನಾ ನನ್ನ ಜಗಳ, ಹಾಗಾಗಿ ಹೇಳ್ತೇನೆ. ನಮ್ಮ ಕರಾವಳಿಯಲ್ಲಿ ವೈರ್ ಹೊರಗಿಂದ ಸರಿ ಕಾಣ್ತದೆ, ಲಗ್ (ವೈರ್ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹತ್ರ ಸ್ವಲ್ಪ ಸುಲಿದು ನೋಡಿದ್ರೆ ಒಳಗೆ ಹಸಿರು ಪುಡಿ, ಕಪ್ಪು ಎಳೆ. ತೇವ ಎಳೆ ಎಳೆ ಮಧ್ಯ ನುಗ್ಗಿ ಒಳಗೊಳಗೇ ತಿಂದು ಹಾಕ್ತದೆ, ಅಂತಾದ್ದನ್ನು ಮರಳುಕಾಗದದಲ್ಲಿ ತಿಕ್ಕಿ ಪ್ರಯೋಜನ ಇಲ್ಲ, ಬಿಸಾಡಿ.

ಮೂರು ವೈರ್ ಹಾಕಿ, ಮೂರೂ 16 ಸ್ಕ್ವೇರ್, ಅಂದ್ರೆ 16 ಚದರ ಮಿಲಿಮೀಟರ್ ದಪ್ಪದ್ದು: ಬ್ಯಾಟರಿ ನೆಗೆಟಿವಿಂದ ಬಾಡಿಗೆ, ಇಂಜಿನ್ ಬ್ಲಾಕಿಂದ ಬಾಡಿಗೆ, ಆಲ್ಟರ್ನೇಟರ್ ಬಿ ಇಂದ ಬ್ಯಾಟರಿ ಪಾಸಿಟಿವಿಗೆ. ಬ್ಯಾಟರಿಯಿಂದ ಇಂಜಿನಿಗೋ ಗೇರ್‌ಬಾಕ್ಸಿಗೋ ನೇರ ಹೋಗುವ ದಪ್ಪ ನೆಗೆಟಿವ್ ಕೇಬಲ್ ಇದ್ರೆ ಅದನ್ನು ತೆಗೀಬೇಡಿ, ಸ್ಟಾರ್ಟರಿನ ಕರೆಂಟ್ ಅದರಲ್ಲೇ ಬರುದು, ಹಾಳಾಗಿದ್ರೆ ಅಷ್ಟೇ ದಪ್ಪದ್ದು ಹೊಸದು ಹಾಕಿ. ನಿಜ ಹೇಳುದಾದ್ರೆ 6 ಸ್ಕ್ವೇರ್ ತಾಮ್ರಕ್ಕೂ ಒಂದು ಮೀಟರ್ ಉದ್ದಕ್ಕೆ 3 ಮಿಲಿಓಮ್ ತಡೆ ಮಾತ್ರ, 35 ಆಂಪಿಯರ್ ಹೋದ್ರೆ ಅಷ್ಟುದ್ದಕ್ಕೆ 0.1 ವೋಲ್ಟ್ ನಷ್ಟ, ಅಷ್ಟೇ. ಕೆಡುದು ಯಾವಾಗ್ಲೂ ಜಾಯಿಂಟಲ್ಲಿ. ಅದಕ್ಕೆ ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸ್ಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇದ್ದವರತ್ರ ಒತ್ತಿಸಿ, ಮೇಲೆ ಒಳಗೆ ಗೋಂದು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಹಿಡಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಬಾಡಿಯಲ್ಲಿ ಬೋಲ್ಟ್ ಕೂರುವಲ್ಲಿ ಪೇಂಟ್ ಪೂರ್ತಿ ಕೆರೆದು ತಗಡು ಹೊಳೀಬೇಕು, ಬಿಗಿ ಮಾಡಿ ಆದ್ಮೇಲೆ ಹೊರಗಿಂದ ಗ್ರೀಸೋ ವ್ಯಾಸಲೀನೋ ಮೆತ್ತಿ.

ವೈರ್ ತೆಗೊಳ್ಳುವಾಗ ಮೋಸ ಹೋಗ್ಬೇಡಿ. ಆಂಪ್ಲಿಫೈಯರ್ ಕಿಟ್ ಅಂತ ಕಡಿಮೆಗೆ ಸಿಗುವ ದಪ್ಪ ವೈರ್ ತುಂಬ ಸಲ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಮಾತ್ರ. ಒಂದು ಎಳೆ ಕತ್ತರಿಸಿ ತುದಿ ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಬೇಡ. ಬೋಟಿಗೆ ಹಾಕುವ ತವರ ಲೇಪದ ವೈರ್ ಇದಕ್ಕೆ ಉಲ್ಟಾ, ಹೊರಗೆ ಬೆಳ್ಳಗೆ ಕಾಣ್ತದೆ, ಕತ್ತರಿಸಿದ್ರೆ ಒಳಗೆ ತಾಮ್ರ, ಅದು ಸಿಕ್ಕಿದ್ರೆ ಕಣ್ಣು ಮುಚ್ಚಿ ತೆಗೊಳ್ಳಿ. ಸಿಗದಿದ್ರೆ ತಾಮ್ರದ ವೆಲ್ಡಿಂಗ್ ಕೇಬಲ್ ಆದೀತು, ಎಳೆ ಸಣ್ಣ, ಚೆನ್ನಾಗಿ ಬಗ್ತದೆ, ಇಂಜಿನ್ ಅದುರಿದ್ರೂ ಬೇಗ ತುಂಡಾಗುದಿಲ್ಲ.

ಮಣಿಪಾಲ_ಡ್ರೈವ್:
ಫ್ಯೂಸ್ ಮರೀಬೇಡಿ!! ಪಾಸಿಟಿವ್ ವೈರಿಗೆ ಬ್ಯಾಟರಿ ಹತ್ರವೇ ಫ್ಯೂಸ್ ಇರ್ಬೇಕು, ಒಂದು ಗೇಣಿನೊಳಗೆ. ಕಂಪೆನಿ ವೈರಿಂಗಲ್ಲಿ ಮೇನ್ ಫ್ಯೂಸ್ ಉಂಟು, ನೀವು ಅದನ್ನು ತಪ್ಪಿಸಿ ನೇರ ವೈರ್ ಎಳೆದು ನಾಳೆ ಅದು ಎಲ್ಲಿಯಾದ್ರೂ ಉಜ್ಜಿ ಬಾಡಿ ಮುಟ್ಟಿದ್ರೆ ಇಲ್ಲ ಆಲ್ಟರ್ನೇಟರಿನ ಡಯೋಡ್ ಶಾರ್ಟ್ ಆದ್ರೆ ಬ್ಯಾಟರಿಯಲ್ಲಿರುವುದೆಲ್ಲ ಆ ವೈರಲ್ಲೇ ಬರ್ತದೆ, ಕೀ ತೆಗೆದ್ರೂ ನಿಲ್ಲುದಿಲ್ಲ, ಗಾಡಿ ಹೊತ್ತಿ ಉರಿತದೆ. ಆಲ್ಟರ್ನೇಟರಲ್ಲಿ ಬರೆದ ಆಂಪಿಯರಿಗಿಂತ ಸ್ವಲ್ಪ ಮೇಲೆ, ವೈರ್ ತಡೆಯುದಕ್ಕಿಂತ ಕಡಿಮೆ, ಹಾಗೆ ಲೆಕ್ಕ ಹಾಕಿ ಫ್ಯೂಸ್ ಹಾಕಿ. ಕೆಲಸ ಶುರು ಮಾಡುವಾಗ ಮೊದ್ಲು ನೆಗೆಟಿವ್ ಕಳಚಿ, ಕೊನೆಗೆ ನೆಗೆಟಿವ್ ಹಾಕಿ.

ಡೈನಮೋ ಸುಟ್ಟು ಹೋಗ್ತದಾ ಅಂತ ಕೇಳಿದ್ರಲ್ಲ, ವೈರ್ ದಪ್ಪ ಆದದ್ದಕ್ಕೆ ಹೋಗುದಿಲ್ಲ. ಎಷ್ಟು ಕರೆಂಟ್ ಬೇಕು ಅಂತ ಹೇಳುದು ಲೈಟು, ಬ್ಲೋವರು, ಬ್ಯಾಟರಿ. ಆದ್ರೆ ಪೂರ್ತಿ ಇಳಿದ ಬ್ಯಾಟರಿಯನ್ನು ಡೈನಮೋದಲ್ಲೇ ತುಂಬಿಸುದು ಅದಕ್ಕೆ ಕಷ್ಟ, ಮೊದ್ಲು ಹೊರಗೆ ಚಾರ್ಜಿಗೆ ಇಟ್ಟು 12.6 ಮಾಡ್ಕೊಳ್ಳಿ, ಈಗಿನ 12.3 ಸಾಲದು.

ಹೆಡ್‌ಲೈಟಿಗೂ ರಿಲೇ ಹಾಕಿಸಿ, ಅಂದ್ರೆ ಸ್ವಿಚ್ಚಿನ ಸಣ್ಣ ಕರೆಂಟಲ್ಲಿ ಬಲ್ಬಿನ ದೊಡ್ಡ ಕರೆಂಟನ್ನು ಆನ್ ಮಾಡುವ ಸಣ್ಣ ಡಬ್ಬಿ. ಎರಡು ಬಲ್ಬಿನ ಕರೆಂಟ್ ಸ್ಟಿಯರಿಂಗ್ ಹತ್ರದ ಸ್ವಿಚ್ಚಿಗೆ ಹೋಗಿ ಬಂದ್ರೆ ಅಲ್ಲೂ ನಷ್ಟ. ಹ್ಯಾಲೋಜೆನ್ ಬಲ್ಬಿಗೆ ವೋಲ್ಟೇಜ್ 10% ಇಳಿದ್ರೆ ಬೆಳಕು ಸುಮಾರು 30% ಇಳಿತದೆ. ಅದಕ್ಕೇ ಜನ 100 ವ್ಯಾಟ್ ಬಲ್ಬ್ ಹಾಕಿ ಹೋಲ್ಡರ್ ಕರಗಿಸ್ತಾರೆ, 60/55 ಬಲ್ಬಿಗೆ ಸರಿಯಾದ ವೋಲ್ಟೇಜ್ ಸಿಕ್ಕಿದ್ರೆ ಧಾರಾಳ ಆಗ್ತದೆ.

ಕುಂದಾಪುರ_ಹೊಸಗಾಡಿ:
ನಂದು 2021ರ ಗಾಡಿ, ನೆಗೆಟಿವ್ ಕ್ಲಾಂಪಲ್ಲೇ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ವೈರ್ ಉಂಟು. ನಾನೂ ಹೀಗೆ ಹಾಕ್ಬಹುದಾ?

ಸುರತ್ಕಲ್_ವೈರ್‌ಮ್ಯಾನ್:
ಅದು ಕರೆಂಟ್ ಸೆನ್ಸರ್. ಬ್ಯಾಟರಿಗೆ ಎಷ್ಟು ಬಂತು ಹೋಯ್ತು ಅಂತ ಕಂಪ್ಯೂಟರಿಗೆ ಹೇಳುದು ಅದು, ಅದರ ಪ್ರಕಾರ ವೋಲ್ಟೇಜ್ ಏರಿ ಇಳಿತದೆ. ನೀವು ಹೊಸ ಅರ್ಥಿಂಗನ್ನು ನೇರ ಬ್ಯಾಟರಿ ಪೋಸ್ಟಿಗೆ ಹಾಕಿದ್ರೆ ಲೆಕ್ಕ ತಪ್ತದೆ, ಸೆನ್ಸರ್ ದಾಟಿ ಬಾಡಿ ಬದಿಯಲ್ಲೇ ಹಾಕ್ಬೇಕು. ತೊಂದ್ರೆ ಇಲ್ಲದಿದ್ರೆ ಮುಟ್ಲಿಕ್ಕೇ ಹೋಗ್ಬೇಡಿ.

ಕಾಪು_800:
ಆದಿತ್ಯವಾರ ಕೂತು ಮೂರೂ ಹಾಕಿದೆ. ಇಂಜಿನಿನ ಹಳೇ ಅರ್ಥಿಂಗ್ ವೈರ್ ಕೈಯಲ್ಲಿ ಎಳೆದ ಕೂಡ್ಲೇ ಲಗ್ಗಿಂದ ಕಿತ್ತು ಬಂತು, ಒಳಗೆ ಮಲ್ಪೆಯವ್ರು ಹೇಳಿದ ಹಾಗೆ ಹಸಿರು ಪುಡಿಯೇ. ಈಗ ಪಾಸಿಟಿವ್ ಕಡೆ 0.12, ನೆಗೆಟಿವ್ ಕಡೆ 0.06, ಬ್ಯಾಟರಿಯಲ್ಲಿ 13.9 ಬರ್ತದೆ. ನಿನ್ನೆ ಜೋರು ಮಳೆ, ಮೂಲ್ಕಿ ದಾಟುವಾಗ ರಸ್ತೆಯ ಬಿಳಿ ಗೆರೆ ಎಷ್ಟೋ ದಿನದ ನಂತ್ರ ಸರಿ ಕಂಡಿತು. ಆದ್ರೆ ಐಡಲಲ್ಲಿ ಎಲ್ಲ ಹಾಕಿ ನಿಂತ್ರೆ ಇನ್ನೂ 13.1 ಮಾತ್ರ, ಅದು ಸರಿಯಾ?

ಸುರತ್ಕಲ್_ವೈರ್‌ಮ್ಯಾನ್:
12.6 ಇದ್ದದ್ದು 13.1 ಆಯ್ತಲ್ಲ, ಐಡಲಲ್ಲಿ ಡೈನಮೋ ನಿಧಾನ ತಿರುಗುದು, ಪೂರ್ತಿ ಕೊಡುದಿಲ್ಲ, ಅದಕ್ಕೆ ವೈರ್ ಎಂತ ಮಾಡ್ಲಿಕ್ಕೂ ಆಗುದಿಲ್ಲ. ಬೆಲ್ಟ್ ಒಮ್ಮೆ ನೋಡಿ, ಮಳೆಗೆ ಒದ್ದೆಯಾದಾಗ ಕೀಂಯ್ ಅಂತದಾ? ಇಂಜಿನ್ ಆಫ್ ಮಾಡಿ ಹೆಬ್ಬೆರಳಲ್ಲಿ ಮಧ್ಯ ಒತ್ತಿದ್ರೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ತಗ್ಗಬಾರ್ದು. ಮತ್ತೆ ಆ ಕ್ಲಚ್ ಕೇಬಲ್ ಬಿಸಿಗೆ ಒಳಗೆ ಹಾಳಾಗಿರ್ತದೆ, ಇನ್ನೊಂದು ಸಲ ಬದಲಿಸ್ಬೇಕಾದೀತು.