ಘಾಟಿ ರೈಲಲ್ಲಿ ಎಡಗಡೆನಾ, ಬಲಗಡೆನಾ?

ಕಿಟಕಿ ಸೀಟ್: ಮುಂದಿನ ತಿಂಗಳು ಅಮ್ಮ, ಇಬ್ಬರು ಮಕ್ಕಳ ಜೊತೆ ಯಶವಂತಪುರದಿಂದ ಮಂಗಳೂರಿಗೆ ಹಗಲು ರೈಲಲ್ಲಿ ಹೊರಟಿದ್ದೇನೆ. ಸಕಲೇಶಪುರ ಘಾಟಿ ನೋಡಬೇಕು ಅಷ್ಟೇ, ಮಂಗಳೂರಲ್ಲಿ ಬೇರೇನೂ ಕೆಲಸ ಇಲ್ಲ. ಎಡಗಡೆ ಕೂರಬೇಕಾ, ಬಲಗಡೆ ಕೂರಬೇಕಾ? ಜಗಳ ಆಡದೆ ಎಲ್ಲರೂ ಸೇರಿ ಒಂದೇ ಉತ್ತರ ಕೊಡಿ ನೋಡೋಣ.

ಕುಡ್ಲ ಎಕ್ಸ್‌ಪ್ರೆಸ್: ಬಲಗಡೆ. ಮಾತೇ ಇಲ್ಲ. ಸಕಲೇಶಪುರದ ಮುಂದಿನ ನಿಲ್ದಾಣ ದೋಣಿಗಲ್ ದಾಟಿದ ಮೇಲೆ ಕಣಿವೆ ಹೆಚ್ಚಾಗಿ ಬಲಕ್ಕೇ ಸಿಗುತ್ತದೆ. ಕೆಳಗೆ ಕೆಂಪುಹೊಳೆ, ಹೊಳೆಯಾಚೆ ಶಿರಾಡಿ ರಸ್ತೆ. ಲಾರಿಗಳೆಲ್ಲ ಬೆಂಕಿಪೊಟ್ಟಣದಷ್ಟು ಕಾಣುತ್ತವೆ. ಮಂಗಳೂರಲ್ಲಿ ಕೆಲಸ ಇಲ್ಲ ಅಂದರೆ ಎಂತ ಮಾರಾಯ್ರೆ? ಇಳಿದು ಗೋಳಿಬಜೆ ತಿನ್ನುವುದು ಕೆಲಸ ಅಲ್ವಾ?

ಆಲ್ಕೋ ಆನಂದ: ಎಡಗಡೆ. ಬಲಗಡೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಸಕಲೇಶಪುರ ಬಿಟ್ಟ ಕೂಡಲೇ ಇಡೀ ಬೋಗಿ ಎದ್ದು ಬಲಗಡೆ ಬಂದು ನಿಲ್ಲುತ್ತದೆ. ನಿಮಗೆ ಕಾಣೋದು ಕಣಿವೆ ಅಲ್ಲ, ಯಾರದೋ ಮೊಣಕೈ ಮತ್ತು ಮೊಬೈಲು. ಆ ಹೊತ್ತಿಗೆ ಎಡಗಡೆ ಕಿಟಕಿಗಳೆಲ್ಲ ಖಾಲಿ. ಮಳೆಗಾಲದಲ್ಲಿ ಬಂಡೆ ಮೇಲಿಂದ ನೀರು ಸುರಿಯೋದು ಆ ಕಡೆಗೇ. ಜರಿಗಿಡದ ಎಲೆಯಿಂದ ಹನಿ ಬೀಳೋದು ಕೂಡ ಕಾಣುತ್ತೆ, ಅಷ್ಟು ಹತ್ತಿರ.

ಕುಡ್ಲ ಎಕ್ಸ್‌ಪ್ರೆಸ್: ಬೆಂಗಳೂರಿಂದ ಅಷ್ಟು ದೂರ ಬಂದು ಬಂಡೆ ನೋಡುವುದಾ? ಬಂಡೆ ರಾಮನಗರದಲ್ಲೂ ಉಂಟು.

ಹುಬ್ಳಿ ಜಂಕ್ಷನ್: ಏನ್ರೀ ಇದು, ಒಂದು ಘಾಟಿಗೆ ಇಷ್ಟು ಜಗಳ? ನಿಜವಾದ ಘಾಟಿ ನೋಡಬೇಕಂದ್ರ ಕ್ಯಾಸಲ್ ರಾಕಿಗೆ ಬರ್ರಿ. ಅಲ್ಲಿಂದ ಗೋವಾದ ಕುಳೆಂವರೆಗೆ ಬ್ರಗಾಂಜಾ ಘಾಟಿ. ಇಳಿಜಾರು 37ಕ್ಕೆ 1. ನಿಮ್ಮದು 50ಕ್ಕೆ 1. 37 ಮೀಟರ್ ಹೋದ್ರ ಒಂದು ಮೀಟರ್ ಏರಬೇಕು, ಗೊತ್ತೈತಲ್ಲ? ನಡುವೆ ದೂಧಸಾಗರ, 300 ಮೀಟರಿಗಿಂತ ಎತ್ತರದಿಂದ ಬೀಳೋ ನೀರು, ಅದರ ಎದುರಿಗೇ ರೈಲು ಸೇತುವೆ. ಎಡ ಬಲ ಅನ್ನೋ ಪ್ರಶ್ನೆನೇ ಇಲ್ಲ, ಎರಡೂ ಕಡೆ ಒದ್ದೆ ಆಗ್ತೀರಿ.

ಕುಡ್ಲ ಎಕ್ಸ್‌ಪ್ರೆಸ್: ದೂಧಸಾಗರದ ಪಟ ಹಾಕಿ ಎಲ್ಲರೂ ಬರೆಯುವುದು "ಗೋವಾ" ಅಂತ. ಮೊದಲು ಅದನ್ನು ಸರಿ ಮಾಡಿ. ನಮ್ಮ ಘಾಟಿ 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಎಲ್ಲ ಕರ್ನಾಟಕದ್ದೇ. ಯಾರ ಹತ್ತಿರವೂ ಕಡ ತಂದದ್ದಲ್ಲ.

ಹುಬ್ಳಿ ಜಂಕ್ಷನ್: ಕ್ಯಾಸಲ್ ರಾಕ್ ಉತ್ತರ ಕನ್ನಡ ಜಿಲ್ಲೆಯೊಳಗ ಐತ್ರೀ. ಘಾಟಿ ಶುರು ಆಗೋದೇ ನಮ್ಮ ನೆಲದಾಗ. ಇಳಿದು ಹೋದ ಮೇಲೆ ಗೋವಾದವರು ನೋಡ್ಕೊಂತಾರ, ನಮಗೇನು.

ಮದ್ದೂರು ವಡೆ: ನೀವಿಬ್ಬರೂ ಘಾಟಿ ಅಂತ ಕುಣಿಯುತ್ತಿದ್ದೀರಿ. ಮೈಸೂರು ಲೈನಲ್ಲಿ ಘಾಟಿ ಇಲ್ಲ, ಸುರಂಗ ಇಲ್ಲ, ಆದರೂ ಮದ್ದೂರು ಬರೋ ಹೊತ್ತಿಗೆ ಇಡೀ ಬೋಗಿಗೆ ಎಚ್ಚರ ಆಗುತ್ತೆ. ಹೊಟ್ಟೆಗೆ ಏನೂ ಸಿಗದ ಘಾಟಿ ತಗೊಂಡು ಏನ್ ಮಾಡ್ತೀರಾ?

ಆಲ್ಕೋ ಆನಂದ: ವಿಷಯ ಏನೇ ಇರಲಿ ವಡೆಗೆ ತಂದು ನಿಲ್ಲಿಸೋ ನಿಮ್ಮ ಪ್ರತಿಭೆಗೆ ನಮಸ್ಕಾರ.

ನಿವೃತ್ತ ಗಾರ್ಡ್: ಅಮ್ಮಾ ಕಿಟಕಿ ಸೀಟ್, ಇವರ ಮಾತು ನಂಬಿ ಸೀಟ್ ನಂಬರ್ ಲೆಕ್ಕ ಹಾಕಬೇಡಿ. ಟಿಕೆಟ್ ಮೇಲಿರೋ ನಂಬರಿನಿಂದ ಎಡ ಬಲ ಗೊತ್ತಾಗೋದಿಲ್ಲ. ಬೋಗಿಗೆ ಮುಖ ಬೆನ್ನು ಅಂತ ಇಲ್ಲ, ಯಾವ ತುದಿ ಎಂಜಿನ್ ಕಡೆಗೆ ಇರುತ್ತೋ ಹೇಳೋಕೆ ಆಗಲ್ಲ. ಸ್ಲೀಪರಿನಲ್ಲಿ 7, 8 ಸೈಡ್ ಬರ್ತ್. ಅದು ಇವತ್ತು ಬಲಕ್ಕೆ ಬಂದರೆ ಇನ್ನೊಂದು ದಿನ, ಬೋಗಿ ತಿರುಗಿ ಸೇರಿದ್ದರೆ, ಎಡಕ್ಕೆ ಬರುತ್ತದೆ. ಇನ್ನು ಕೆಲವು ಗಾಡಿಗಳಿಗೆ ನಡುದಾರಿಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಆ ತುದಿಗೆ ಹಾಕುತ್ತಾರೆ. ಅಲ್ಲಿವರೆಗೆ ಬಲಕ್ಕಿದ್ದವರು ಕೂತಲ್ಲೇ ಎಡದವರಾಗುತ್ತಾರೆ. ನಿಮ್ಮ ದಾರಿಯಲ್ಲಿ ಆ ತಾಪತ್ರಯ ಇಲ್ಲ. ಹಾಸನದಲ್ಲಿ ಗಾಡಿ ನಿಂತಾಗ ಒಮ್ಮೆ ಇಳಿದು ನೋಡಿ, ಆಮೇಲೆ ಪಕ್ಕದವರ ಹತ್ತಿರ ನಯವಾಗಿ ಕೇಳಿ. ಸೀಟು ಬದಲಾಯಿಸಿಕೊಳ್ಳೋಕೆ ಮಕ್ಕಳಿಗಿಂತ ಒಳ್ಳೆಯ ಕಾರಣ ಬೇಕಾ?

ಕಿಟಕಿ ಸೀಟ್: ಅಂದರೆ ಇಷ್ಟು ಹೊತ್ತು ಇವರು ಜಗಳ ಆಡಿದ್ದು ಸುಮ್ನೆ?

ನಿವೃತ್ತ ಗಾರ್ಡ್: ಕಣಿವೆ ಇರೋ ದಿಕ್ಕು ನಿಜ. ಕುಡ್ಲದವರು ಹೇಳಿದ ಹಾಗೆ ಜಾಸ್ತಿ ಬಲಕ್ಕೇ. ಆದರೆ ಆ ಬಲ ನಿಮ್ಮ ಪಾಲಿಗೆ ಬರುತ್ತೋ ಇಲ್ವೋ ಅನ್ನೋದು ಗಾಡಿ ಪ್ಲಾಟ್‌ಫಾರಂಗೆ ಬಂದ ಮೇಲೇ ತಿಳಿಯೋದು.

ವೇಟಿಂಗ್ ಲಿಸ್ಟ್ 47: ನನಗೆ ಎಡ ಬಲ ಎರಡೂ ಇಲ್ಲ. ಸೀಟೇ ಇಲ್ಲ. ನಿಮ್ಮ ಕಷ್ಟ ಓದಿ ಹೊಟ್ಟೆ ಉರಿಯುತ್ತಿದೆ.

ಮದ್ದೂರು ವಡೆ: ವಿಸ್ಟಾಡೋಮ್ ಬುಕ್ ಮಾಡಿಬಿಡಿ, ಎಲ್ಲ ಜಗಳ ಮುಗೀತು. 2021ರ ಜುಲೈಯಿಂದ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಹಾಕುತ್ತಿದ್ದಾರೆ. ಅಗಲ ಗಾಜು, ಮೇಲೆ ಸೂರಲ್ಲೂ ಗಾಜು, ತಿರುಗೋ ಸೀಟು. ಇಡೀ ಬೋಗಿಗೆ 44 ಜನ ಅಷ್ಟೇ. ಅಮ್ಮನಿಗೂ ಆರಾಮ.

ಆಲ್ಕೋ ಆನಂದ: ಬೇಡ ಬೇಡ ಬೇಡ. ಅದು ಕೂತು ನೋಡೋ ಟಿವಿ. ಗಾಜಿನ ಆಚೆ ಮಳೆ ಬೀಳ್ತಿರುತ್ತೆ, ಒಳಗೆ ಎಸಿ ಗುಂಯ್ ಅಂತಿರುತ್ತೆ. ಮಣ್ಣಿನ ವಾಸನೆ ಇಲ್ಲ, ಎಂಜಿನ್ ಸದ್ದಿಲ್ಲ. ಸ್ಲೀಪರಲ್ಲಿ ಕೂತು ನೋಡಿ. ಕಿಟಕಿಗೆ ಎರಡು ಶಟರ್, ಒಂದು ಗಾಜು, ಒಂದು ತಗಡು. ತಗಡಿಂದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ. ಅಕ್ಕಪಕ್ಕದ ಕೊಕ್ಕೆ ಎರಡನ್ನೂ ಒಟ್ಟಿಗೆ ಒತ್ತಿ, ಕೆಳಗಿಂದ ಮೊಣಕಾಲಲ್ಲಿ ಒಂದು ಗುದ್ದು ಕೊಟ್ಟರೆ ಮೇಲೆ ಹೋಗುತ್ತೆ. ಬೆರಳು ಮಾತ್ರ ಹುಷಾರು. ಸುರಂಗ ಹೊಕ್ಕ ಕೂಡಲೇ ತಣ್ಣನೆ ಗಾಳಿ, ಡೀಸೆಲ್ ಎಂಜಿನ್ ಇದ್ದರೆ ಅದರ ಹಿಂದೆಯೇ ಡೀಸೆಲ್ ವಾಸನೆ. ಆ ವಾಸನೆಗೆ ಯಾವ ಟಿಕೆಟಿನಲ್ಲೂ ದುಡ್ಡು ತಗೊಳ್ಳಲ್ಲ.

ಮದ್ದೂರು ವಡೆ: ಹೊಗೆ ಕುಡಿಯೋಕೆ ಪಾಪ ಅವರಮ್ಮನ್ನ ಯಾಕೆ ಕಳಿಸ್ತೀಯಾ?

ಕುಡ್ಲ ಎಕ್ಸ್‌ಪ್ರೆಸ್: ಆನಂದರೇ, ಘಾಟಿಗೂ ಕರೆಂಟ್ ತಂತಿ ಬಂದ ಮೇಲೆ ನಿಮ್ಮ ಆ ವಾಸನೆ ಎಲ್ಲಿಂದ ತರುತ್ತೀರಿ? ಶೀಶೆಯಲ್ಲಿ ತುಂಬಿ ಇಟ್ಟುಕೊಳ್ಳಿ ಈಗಲೇ.

ಆಲ್ಕೋ ಆನಂದ: ಗಾಯಕ್ಕೆ ಉಪ್ಪು ಹಾಕಬೇಡಿ. ಆಲ್ಕೋ ಎಂಜಿನ್ ಅಂದರೆ ಏನು ಗೊತ್ತಾ? 1962ರಲ್ಲಿ ಅಮೆರಿಕದಿಂದ ಬಂದಿದ್ದು, ಆಮೇಲೆ ವಾರಾಣಸಿಯಲ್ಲೇ ತಯಾರಾಯ್ತು. ಡಬ್ಲ್ಯುಡಿಎಂ-2, 2600 ಅಶ್ವಶಕ್ತಿ. ನಿಲ್ದಾಣ ಬಿಡುವಾಗ ಡ್ರೈವರ್ ನಾಚ್, ಅಂದರೆ ಶಕ್ತಿಯ ಹಂತ, ಏರಿಸಿದ ತಕ್ಷಣ ಗಾಳಿ ತುಂಬೋ ಟರ್ಬೊ ವೇಗ ಹಿಡಿದಿರೋದಿಲ್ಲ. ಗಾಳಿ ಸಾಲದೆ ಅರೆಬೆಂದ ಡೀಸೆಲ್ಲು ಕಪ್ಪು ಹೊಗೆಯಾಗಿ ಮೇಲಕ್ಕೆ. ಅದನ್ನ ನೋಡಿದರೆ ಈಗಲೂ ಮೈ ಜುಂ ಅನ್ನುತ್ತೆ. ಈಗಿನ ಇಎಂಡಿ ಅನ್ನೋ ಬೇರೆ ಕಂಪನಿ ಮಾದರಿಯ ಡೀಸೆಲ್ ಎಂಜಿನ್ನುಗಳು 4000 ಅಶ್ವಶಕ್ತಿ, ಒಪ್ಪಿದೆ. ಆದರೆ ಎಂಥಾ ಸಭ್ಯ ಸದ್ದು ಮಾರಾಯ್ರೆ, ಗುರ್ ಅಂತ ಒಂದೇ ಶ್ರುತಿ.

ಹುಬ್ಳಿ ಜಂಕ್ಷನ್: ಇಎಂಡಿ ಬಗ್ಗೆ ಒಂದು ಮಾತು ಆಡಬ್ಯಾಡ್ರಿ. ಅವು ನಮ್ಮ ಹುಬ್ಬಳ್ಳಿ ಶೆಡ್ಡಿನ ಮಕ್ಕಳು. ಬ್ರಗಾಂಜಾದಾಗ ಅದಿರು, ಕಲ್ಲಿದ್ದಲು ಗಾಡಿಗೆ ಮುಂದ ಹಿಂದ ಸೇರಿ ನಾಲ್ಕೈದು ನಿಂತು ಎಳೀತಾವ, ತಳ್ಳತಾವ. ನಿಮ್ಮ ಆಲ್ಕೋ ಹೊಗೆ ಬಿಟ್ಕೊಂತ ನಿಂತಿರ್ತಿತ್ತು.

ಮದ್ದೂರು ವಡೆ: ಹುಬ್ಬಳ್ಳಿಯವರ ಪ್ಲಾಟ್‌ಫಾರಂ ಬಗ್ಗೆನೂ ಹೇಳಿಬಿಡಿ, ಇನ್ನೂ ಬಂದಿಲ್ಲ ಅಂತ ಕಾಯ್ತಿದ್ದೀನಿ.

ಹುಬ್ಳಿ ಜಂಕ್ಷನ್: ಕೇಳಿದಿರಿ ಅಂತ ಹೇಳ್ತೀನಿ. ಜಗತ್ತಿನಾಗ ಎಲ್ಲಕ್ಕಿಂತ ಉದ್ದದ್ದು, 1507 ಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆ. ಅದಕ್ಕೂ ಮೊದಲು ಗೋರಖಪುರದ್ದು ದೊಡ್ಡದಿತ್ತು, 1366.

ವೇಟಿಂಗ್ ಲಿಸ್ಟ್ 47: ನಾನು ಆ ಪ್ಲಾಟ್‌ಫಾರಂನಲ್ಲಿ ಟ್ರಾಲಿ ಎಳ್ಕೊಂಡು ಬೋಗಿ ಹುಡುಕಿದ್ದೀನಿ. ದಾಖಲೆ ಹುಬ್ಬಳ್ಳಿಗೆ, ಕಾಲುನೋವು ನನಗೆ.

ಕಿಟಕಿ ಸೀಟ್: ನನ್ನ ಪ್ರಶ್ನೆ ಯಾವ ಲೂಪ್ ಲೈನಲ್ಲಿ ನಿಂತಿದೆ ಅಂತ ಯಾರಾದರೂ ನೋಡ್ತೀರಾ? ಇನ್ನೊಂದು ಕೇಳಬೇಕಿತ್ತು. ಇಳಿಯುವಾಗ ರೈಲು ಯಾಕೆ ಅಷ್ಟು ನಿಧಾನ? ಇಳಿಜಾರಲ್ಲಿ ಬೇಗ ಹೋಗಬೇಕಲ್ವಾ? ಮಗ ಕೇಳಿದ, ನನಗೆ ಹೇಳೋಕೆ ಬರಲಿಲ್ಲ.

ನಿವೃತ್ತ ಗಾರ್ಡ್: ಒಳ್ಳೆಯ ಪ್ರಶ್ನೆ ಕೇಳಿದ್ದಾನೆ ಹುಡುಗ. ಹತ್ತೋಕೆ ಶಕ್ತಿ ಸಾಕು, ಇಳಿಯೋಕೆ ಶಿಸ್ತು ಬೇಕು. ಅಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಚಕ್ರಕ್ಕೆ ಬ್ರೇಕ್ ಒತ್ತಿ ಹಿಡಿದೇ ಅಷ್ಟು ದೂರ ಇಳಿದರೆ ಬ್ರೇಕ್ ಬ್ಲಾಕು ಕಾದು ಹಿಡಿತ ಕಮ್ಮಿ ಆಗುತ್ತದೆ. ಅದಕ್ಕೆ ಎಂಜಿನ್ನಿನ ಡೈನಾಮಿಕ್ ಬ್ರೇಕ್ ಜಾಸ್ತಿ ಬಳಸೋದು. ಚಕ್ರ ತಿರುಗಿಸೋ ಮೋಟಾರುಗಳೇ ಆಗ ಜನರೇಟರ್ ಆಗುತ್ತವೆ. ಕರೆಂಟು ಹುಟ್ಟುತ್ತದೆ, ಗಾಡಿಯ ವೇಗವನ್ನು ಹಿಡಿದಿಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆ ಕರೆಂಟನ್ನು ಮೇಲ್ಗಡೆ ಇರೋ ಗ್ರಿಡ್ಡಿನಲ್ಲಿ, ಅಂದರೆ ಕಾಯೋ ಪಟ್ಟಿಗಳ ಸಾಲಿನಲ್ಲಿ, ಶಾಖ ಮಾಡಿ ಗಾಳಿಗೆ ಬಿಡಬೇಕು. ಇಳಿಯುವಾಗ ಮುಂದಿನ ಬೋಗಿಯಲ್ಲಿ ಕೂತರೆ ಊಳಿಡೋ ಹಾಗೆ ಒಂದು ಸದ್ದು ಕೇಳಿಸುತ್ತದಲ್ಲ, ಅದು ಆ ಗ್ರಿಡ್ ತಣಿಸೋ ಫ್ಯಾನು. ಈಗಿನ ಎಲೆಕ್ಟ್ರಿಕ್ ಎಂಜಿನ್ ಆ ಕರೆಂಟನ್ನು ಸೀದಾ ತಂತಿಗೆ ವಾಪಸ್ ಕೊಡುತ್ತದೆ. ಕೆಳಗೆ ಇಳಿಯೋ ಗಾಡಿ ಕೊಟ್ಟಿದ್ದನ್ನು ಮೇಲೆ ಹತ್ತೋ ಗಾಡಿ ತಿನ್ನಬಹುದು. ಆನಂದ್, ಬೇಜಾರು ಮಾಡ್ಕೋಬೇಡ, ಘಾಟಿಗೆ ಅದೇ ವಾಸಿ.

ಇನ್ನೊಂದು ಹೇಳಿಬಿಡುತ್ತೇನೆ. ಘಾಟಿ ನಿಲ್ದಾಣಗಳಲ್ಲಿ ಯಾರೂ ಹತ್ತದೆ ಇಳಿಯದೆ ಗಾಡಿ ಸುಮ್ನೆ ನಿಂತಿದೆ ಅಂತ ಜನ ಬೈಯುತ್ತಾರೆ. ಘಾಟಿಗಳಲ್ಲಿ ಕ್ಯಾಚ್ ಸೈಡಿಂಗ್ ಅಂತ ಇರುತ್ತದೆ. ಇಳಿಜಾರಿನ ಹಳಿಯಿಂದ ಕವಲೊಡೆದು ಗುಡ್ಡದ ಕಡೆ ಮೇಲಕ್ಕೆ ಏರೋ ಮೊಂಡು ಹಳಿ. ಗಾಡಿಯ ದಾರಿ ತಿರುಗಿಸೋ ಪಾಯಿಂಟು ಮಾಮೂಲಿಯಾಗಿ ಆ ಕಡೆಗೇ ಇರುತ್ತದೆ. ಗಾಡಿ ಬಂದು ನಿಂತು, ಬ್ರೇಕ್ ಕೈಯಲ್ಲಿದೆ ಅಂತ ಖಾತ್ರಿಯಾದ ಮೇಲೇ ಮುಖ್ಯ ಹಳಿಗೆ ಬಿಡೋದು. ಬ್ರೇಕ್ ಹೋದ ಗಾಡಿ ಬಂದರೆ ತಾನಾಗಿ ಆ ಏರು ಹತ್ತಿ ನಿಲ್ಲುತ್ತದೆ. ಒಂದು ಮೀಟರ್ ಅಗಲದ ಹಳಿ ಇದ್ದ ಮೀಟರ್ ಗೇಜಿನ ಕಾಲದಲ್ಲೇ ಇದನ್ನೆಲ್ಲ ನಮಗೆ ಬಾಯಿಪಾಠ ಮಾಡಿಸಿದ್ದರು.

ಕುಡ್ಲ ಎಕ್ಸ್‌ಪ್ರೆಸ್: ಗಾರ್ಡ್ ಸರ್, ಮೀಟರ್ ಗೇಜ್ ಅಂದಾಗ ನೆನಪಾಯಿತು. 1979ರಲ್ಲಿ ಈ ಲೈನ್ ಶುರುವಾಗಿ, 1996ರಲ್ಲಿ ಗೇಜ್ ಬದಲಿಸಲಿಕ್ಕೆ ಮುಚ್ಚಿದರು. ಪ್ರಯಾಣಿಕರ ರೈಲು ವಾಪಸ್ ಬಂದದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ನಾವು ಶಿರಾಡಿ ಹೊಂಡದಲ್ಲಿ ಬಸ್ಸಲ್ಲಿ ಕುಲುಕಿಕೊಂಡು ಹೋದದ್ದು. ಹಾಗಾಗಿ ನಮಗೆ ರೈಲು ನಿಧಾನ ಹೋದರೆ ಸಿಟ್ಟೇ ಬರುವುದಿಲ್ಲ.

ಆಲ್ಕೋ ಆನಂದ: 2024ರ ಜುಲೈಯಲ್ಲೂ ಇದೇ ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಓಡಾಟ ನಿಂತಿತ್ತಲ್ಲ. ಮಳೆ ಜೋರಿದ್ದರೆ ಹೊರಡೋ ಮುಂಚೆ ಗಾಡಿ ಇದೆಯಾ ಅಂತ ನೋಡಿಕೊಂಡೇ ಮನೆ ಬಿಡಿ. ಇದು ತಮಾಷೆಯಲ್ಲ.

ನಿವೃತ್ತ ಗಾರ್ಡ್: ಹಾಗೆಯೇ ಬಾಗಿಲಲ್ಲಿ ನಿಂತು ವಿಡಿಯೊ ಬೇಡ. ಸುರಂಗದ ಗೋಡೆ ನೀವಂದುಕೊಂಡಷ್ಟು ದೂರ ಇರೋದಿಲ್ಲ. ಹಳಿ ಮೇಲೆ ಚಾರಣವಂತೂ ಬೇಡವೇ ಬೇಡ.

ಹುಬ್ಳಿ ಜಂಕ್ಷನ್: ನಮ್ಮ ಕಡೆ ಅದಕ್ಕ ಔಷಧ ಐತಿ. 2023ರ ಜುಲೈಯಲ್ಲಿ ದೂಧಸಾಗರಕ್ಕ ಹಳಿ ಮೇಲೆ ನಡೆದು ಬಂದವರಿಗೆ ರೈಲ್ವೆ ಪೊಲೀಸರು ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದ್ರು.

ಮದ್ದೂರು ವಡೆ: ಮತ್ತೆ ಸುರಂಗದಲ್ಲಿ ಕೂಗೋರಿಗೆ? 57 ಸುರಂಗ, ಪ್ರತಿಯೊಂದರಲ್ಲೂ "ಓಓಓ" ಅಂತ. ಎಂಟನೆಯದಕ್ಕೆ ನನ್ನ ತಲೆ ಸಿಡಿಯೋಕೆ ಶುರುವಾಯ್ತು. ಅವರಿಗೂ ಬಸ್ಕಿ ಇರಲಿ.

ಆಲ್ಕೋ ಆನಂದ: ಕೂಗದೆ ಸುರಂಗ ದಾಟೋದು ಹೇಗೆ? ಸುರಂಗ ಇರೋದೇ ಕೂಗೋಕೆ.

ಕುಡ್ಲ ಎಕ್ಸ್‌ಪ್ರೆಸ್: ಮಕ್ಕಳು ಕೂಗಿದರೆ ಚಂದ. ಆನಂದರ ಪ್ರಾಯದವರು ಕೂಗಿದರೆ ಟಿಸಿ ಬರ್ತಾರೆ.

ಕಿಟಕಿ ಸೀಟ್: ನನ್ನ ಮಕ್ಕಳು ಕೂಗೇ ಕೂಗುತ್ತಾರೆ, ಈಗಲೇ ಹೇಳಿಟ್ಟಿರುತ್ತೇನೆ. ವಿಸ್ಟಾಡೋಮ್ ನೋಡಿದೆ, ನಾಲ್ಕು ಜನರ ಟಿಕೆಟ್ ದರ ನೋಡಿ ಅಮ್ಮನೇ ಬೇಡ ಅಂದರು. ಸ್ಲೀಪರೇ. ಅಮ್ಮ ಪುಳಿಯೋಗರೆ ಕಟ್ಟಿಕೊಳ್ಳುತ್ತಾರಂತೆ, ವಡೆಯವರು ನಿಶ್ಚಿಂತೆಯಿಂದಿರಿ. ವಾಪಸ್ ಬರೋಕೆ ಅದೇ ದಾರಿ ಬೇಡ ಅನಿಸ್ತಿದೆ. ಏನಾದರೂ ಉಂಟಾ?

ಹುಬ್ಳಿ ಜಂಕ್ಷನ್: ಈಗ ಬಂದ್ರಿ ನೋಡ್ರಿ ದಾರಿಗೆ! ಮಂಗಳೂರಿಂದ ಕೊಂಕಣ ರೈಲಲ್ಲಿ ಮಡಗಾಂವ್. ಅಲ್ಲಿಂದ ಕುಳೆಂ, ದೂಧಸಾಗರ, ಕ್ಯಾಸಲ್ ರಾಕ್, ಲೋಂಡಾ, ಹುಬ್ಬಳ್ಳಿ. ಆಮೇಲೆ ಬೆಂಗಳೂರು. ಒಂದು ಘಾಟಿ ಇಳಿದು ಇನ್ನೊಂದು ಹತ್ತಿದ ಹಾಂಗ ಆಗ್ತದ. ಹಗಲಲ್ಲಿ ಘಾಟಿ ದಾಟೋ ಗಾಡಿನೇ ಆರಿಸ್ಕೋರಿ, ರಾತ್ರಿ ಗಾಡಿ ಹಿಡಿದು ಮಲಗಿಕೊಂಡು ಬಂದ್ರ ನಾನು ಜವಾಬ್ದಾರ ಅಲ್ಲ.

ಕುಡ್ಲ ಎಕ್ಸ್‌ಪ್ರೆಸ್: ಕೊಂಕಣ ಲೈನಲ್ಲಿ ಹೊನ್ನಾವರದ ಶರಾವತಿ ಸೇತುವೆ ತಪ್ಪಿಸಬೇಡಿ. ಎರಡು ಕಿಲೋಮೀಟರಿಗೂ ಉದ್ದ. ಅಲ್ಲಿ ಎಡಕ್ಕೂ ನೀರು, ಬಲಕ್ಕೂ ನೀರು, ನನ್ನದು ಆನಂದರದ್ದು ರಾಜಿ.

ನಿವೃತ್ತ ಗಾರ್ಡ್: ಕುಳೆಂನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಿಂದಿನಿಂದ ತಳ್ಳೋ ಬ್ಯಾಂಕರ್ ಎಂಜಿನ್ ಸೇರಿಸೋದು ಅಲ್ಲೇ. ಮಕ್ಕಳನ್ನು ಕೊನೇ ಬೋಗಿ ಕಡೆ ಕರ್ಕೊಂಡು ಹೋಗಿ, ಒಳಗಿಂದಲೇ. ಬಂದು ತಾಗುವಾಗ ಒಂದು ಸಣ್ಣ ಕುಲುಕು ಗೊತ್ತಾಗುತ್ತದೆ. ಅಮ್ಮನ ಕೈಯಲ್ಲಿ ಆಗ ಕಾಫಿ ಲೋಟ ಇರದಿರಲಿ.

ಆಲ್ಕೋ ಆನಂದ: ಬ್ಯಾಂಕರ್ ನಂಬರ್ ಬರ್ಕೊಂಡು ಬನ್ನಿ, ಪ್ಲೀಸ್. ಎರಡಿದ್ದರೆ ಎರಡೂ.

ವೇಟಿಂಗ್ ಲಿಸ್ಟ್ 47: ನಂದು ಈಗ 31. ಯಾರಾದರೂ ಮನಸ್ಸು ಬದಲಾಯಿಸಿ ಬಸ್ಸಲ್ಲಿ ಹೋಗ್ತೀರಾ?