ಗುಂಪು ಸವಾರಿಯಲ್ಲಿ ಸೈಕಲ್ ಕಾಯುವವರು ಯಾರು? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೊಸ ಸದಸ್ಯೆ): ನಮಸ್ಕಾರ ಸರ್. ಕಳೆದ ಭಾನುವಾರ ಗುಂಪಿನ ಜೊತೆ ಬಿಡದಿಯವರೆಗೆ ಹೋಗಿದ್ದೆ. ತಟ್ಟೆ ಇಡ್ಲಿಗೆಂದು ನಿಂತಾಗ ಎಲ್ಲರೂ ಸೈಕಲ್‌ಗಳನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಯಾರೂ ಬೀಗ ಹಾಕಲಿಲ್ಲ. ನಾನೊಬ್ಬಳೇ ಹಾಕಿದರೆ ಜೊತೆಯವರ ಮೇಲೆ ನಂಬಿಕೆಯಿಲ್ಲ ಎಂದಂತಾದೀತೆಂದು ಸುಮ್ಮನಾದೆ. ಆದರೆ ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ. ಸೈಕಲ್‌ನ ಕಂತು ಇನ್ನೂ ಏಳು ತಿಂಗಳು ಬಾಕಿ ಇದೆ. ಗುಂಪಿನಲ್ಲಿ ಹೋಗುವಾಗಲೂ ಬೀಗ ಬೇಕೇ?

ಉತ್ತರ (ಮೆಕ್ಯಾನಿಕ್): ಬೇಕು ಮೇಡಂ. ಗುಂಪಿನಲ್ಲಿ ಹೋಗುವಾಗಲೇ ಹೆಚ್ಚು ಬೇಕು. ಸಂಕೋಚ ಪಡಬೇಡಿ.

ಒಬ್ಬರೇ ಹೋದಾಗ ಸೈಕಲ್ಲನ್ನು ಕಣ್ಣ ಮುಂದಿನಿಂದ ಅಲುಗಲು ಬಿಡುವುದಿಲ್ಲ. ಚಹಾ ಕುಡಿಯುವಾಗಲೂ ಒಂದು ಕೈ ಸೀಟಿನ ಮೇಲಿರುತ್ತದೆ. ಅದೇ ಇಪ್ಪತ್ತು ಜನರಾದೊಡನೆ, ಇಷ್ಟು ಜನರಲ್ಲಿ ಯಾರಾದರೊಬ್ಬರು ನೋಡುತ್ತಿರುತ್ತಾರೆ ಎಂದು ಇಪ್ಪತ್ತು ಜನರೂ ಅಂದುಕೊಳ್ಳುತ್ತಾರೆ. ಹೋಟೆಲಿನವರಿಗೂ ಯಾರ ಸೈಕಲ್ ಯಾರದೆಂದು ತಿಳಿಯದು. ಹೆಲ್ಮೆಟ್ ತೊಟ್ಟ ಅಪರಿಚಿತನೊಬ್ಬ ಬಂದು ಒಂದನ್ನು ಹತ್ತಿಕೊಂಡು ಹೋದರೆ ಅವನೂ ಗುಂಪಿನವನೇ ಎಂದುಕೊಂಡು ದಾರಿ ಬಿಡುತ್ತಾರೆ.

ನನ್ನ ಕಣ್ಣೆದುರೇ ಆದದ್ದನ್ನು ಹೇಳುತ್ತೇನೆ. ಸವಾರಿಗಳ ಹಿಂದೆ ಬಿಡಿಭಾಗದ ವ್ಯಾನಿನಲ್ಲಿ ಹೋಗುವುದು ನನ್ನ ಕೆಲಸದ ಒಂದು ಭಾಗ. ಎರಡು ವರ್ಷದ ಹಿಂದೆ ಹೆಸರಘಟ್ಟದ ಕಡೆ ಹೋಗಿದ್ದಾಗ ಹದಿನೆಂಟು ಸವಾರರಿದ್ದರು. ತಿಂಡಿ ಮುಗಿಯಿತು, ಹಣದ ಲೆಕ್ಕ ಮುಗಿಯಿತು, ಸೈಕಲ್‌ಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದವನು ನಾನೇ. ಆಮೇಲೆ ಒಬ್ಬ ಹುಡುಗ ತನ್ನ ಸೈಕಲ್ ಎಲ್ಲಿ ಎಂದು ಹುಡುಕತೊಡಗಿದ. ಸಾಲಿನ ಕೊನೆಯಲ್ಲಿ, ರಸ್ತೆಯ ಕಡೆಗೆ ನಿಲ್ಲಿಸಿದ್ದನಂತೆ. ಗೋಡೆಯ ಬುಡದಲ್ಲಿ ಅವನ ನೀರಿನ ಬಾಟಲಿ ಮಾತ್ರ ನಿಂತಿತ್ತು. ಮನೆಗೆ ಬಂದು ಆ ಫೋಟೋ ದೊಡ್ಡದು ಮಾಡಿ ಎಣಿಸಿದೆ. ಹದಿನೆಂಟು ಜನ ನಗುತ್ತಿದ್ದಾರೆ, ಅವರ ಬೆನ್ನ ಹಿಂದೆ ಹದಿನೇಳು ಸೈಕಲ್. ಫೋಟೋ ತೆಗೆಯುವ ಮೊದಲೇ ಅದು ಹೋಗಿತ್ತು. ಆ ಹುಡುಗನ ಮುಖ ಇಂದಿಗೂ ಮರೆತಿಲ್ಲ.

ಅಂದಿನಿಂದ ನಾನು ಹೋಗುವ ಸವಾರಿಗಳಲ್ಲಿ ಒಂದು ಕಟ್ಟುನಿಟ್ಟು ಇದೆ. ಪ್ರತಿ ನಿಲುಗಡೆಯಲ್ಲೂ ಕಾವಲಿಗೆ ಒಬ್ಬರ ಹೆಸರು ಹೇಳಬೇಕು. ‘ಎಲ್ಲರೂ ಗಮನ ಇಡಿ’ ಎಂದರೆ ಸಾಲದು. ‘ಹದಿನೈದು ನಿಮಿಷ ನೀವು’ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅವರು ತಟ್ಟೆ ಹಿಡಿದು ಹೊರಗೇ ಕೂರುತ್ತಾರೆ, ಮೊಬೈಲ್ ಮುಟ್ಟುವುದಿಲ್ಲ. ಪಾಳಿ ಬದಲಾಗುವಾಗ ಇಬ್ಬರೂ ಸೇರಿ ಎಣಿಸುತ್ತಾರೆ. ನೀವು ಇದರ ಜೊತೆಗೆ ನಿಮ್ಮ ಬೀಗವನ್ನೂ ಹಾಕಿಕೊಳ್ಳಿ.

ಪ್ರಶ್ನೆ (ಆಯೋಜಕರ ತಂಡದಿಂದ): ಅಣ್ಣ, ಗಟ್ಟಿ ಬೀಗ ಭಾರ, ಹಗುರ ಬೀಗ ಕೆಲಸಕ್ಕೆ ಬಾರದು ಎನ್ನುತ್ತಾರೆ. ನಂದಿ ಬೆಟ್ಟ ಹತ್ತುವವರಿಗೆ ಒಂದು ಕಿಲೋ ಹೊರಿಸುವುದು ಹೇಗೆ?

ಉತ್ತರ: ಎಲ್ಲರೂ ಹೊರುವುದು ಬೇಡ. ವ್ಯಾನ್ ಇರುವ ಸವಾರಿಯಾದರೆ ಎರಡು ಉದ್ದನೆಯ ದಪ್ಪ ಸರಪಳಿ, ಎರಡು ಒಳ್ಳೆಯ ಬೀಗ ವ್ಯಾನಿನಲ್ಲೇ ಇರಲಿ. ಸೈಕಲ್‌ಗಳನ್ನು ಒತ್ತಾಗಿ ನಿಲ್ಲಿಸಿ, ಪ್ರತಿಯೊಂದರ ಫ್ರೇಮ್ ಮತ್ತು ಹಿಂದಿನ ಚಕ್ರದೊಳಗಿಂದ ಸರಪಳಿ ತೂರಿಸಿ, ಕೊನೆಯನ್ನು ಕಂಬಕ್ಕೋ ಕಿಟಕಿಯ ಸರಳಿಗೋ ಬಿಗಿಯಿರಿ. ಸುರುಳಿ ಕೇಬಲ್ ಲಾಕನ್ನು ಮಾತ್ರ ನಂಬಬೇಡಿ. ಮೇಲಿನ ಪ್ಲಾಸ್ಟಿಕ್ ನೋಡಿದರೆ ದಪ್ಪ ಕಾಣುತ್ತದೆ, ಒಳಗಿರುವುದು ಸಣ್ಣ ತಂತಿಗಳ ಹುರಿ. ಕಟರ್ ಹಿಡಿದವನಿಗೆ ಕೆಲವು ಸೆಕೆಂಡಿನ ಕೆಲಸ. ಕಳವಾದ ಜಾಗದಿಂದ ಜನ ತಂದು ತೋರಿಸುವ ಕೇಬಲ್‌ಗಳ ತುದಿ ಪೊರಕೆಯ ಕಡ್ಡಿಯಂತೆ ಬಿರಿದಿರುತ್ತದೆ. ಕಾವಲಿನವರು ಇರುವಾಗ, ಎತ್ತಿಕೊಂಡು ಓಡುವವನನ್ನು ಅರೆಕ್ಷಣ ತಡೆಯಲು ಅದು ಸಾಕು. ಸೈಕಲ್ ಬಿಟ್ಟು ಹೋಗಲು ಅಲ್ಲ.

ಯು-ಲಾಕ್ (ಇಂಗ್ಲಿಷಿನ ‘ಯು’ ಆಕಾರದ ಗಟ್ಟಿ ಬೀಗ) ಕೊಳ್ಳುವವರು ಸಣ್ಣ ಅಳತೆಯದನ್ನೇ ಕೊಳ್ಳಿ. ಒಳಗೆ ಜಾಗ ಕಡಿಮೆಯಿದ್ದಷ್ಟೂ ಸಲಾಕೆ ತೂರಿಸಿ ಮೀಟುವುದು ಕಷ್ಟ. ಕೊಳವೆಯಂಥ ದುಂಡು ಕೀಲಿಯ ಹಳೆಯ ಬೀಗ ಮನೆಯಲ್ಲಿದ್ದರೆ ಬದಲಾಯಿಸಿ. ಅಂಥ ಬೀಗಗಳು ಬರೀ ಬಾಲ್ ಪೆನ್ನಿನ ಕೊಳವೆಯಿಂದ ತೆರೆದುಕೊಳ್ಳುತ್ತವೆ ಎಂಬುದು 2004ರಲ್ಲಿ ಅಮೆರಿಕದಲ್ಲಿ ಬಯಲಾಗಿ, ದೊಡ್ಡ ಕಂಪನಿಯೇ ಅವನ್ನು ಬದಲಿಸಿ ಕೊಡಬೇಕಾಯಿತು.

ಮುಂದಿನ ಚಕ್ರವನ್ನೂ ಮರೆಯಬೇಡಿ. ಕ್ವಿಕ್ ರಿಲೀಸ್, ಅಂದರೆ ಕೈಯಲ್ಲೇ ಸಡಿಲಿಸುವ ಹಿಡಿ, ಇದ್ದರೆ ಪಾನಾ ಕೂಡ ಬೇಕಿಲ್ಲ, ಬೆರಳಲ್ಲೇ ಬಿಚ್ಚಿಕೊಳ್ಳುತ್ತಾರೆ.

ಪ್ರಶ್ನೆ (ದೂರದ ಸವಾರ): ನಾನು ಬ್ರೆವೆ ಸವಾರಿಗಳಿಗೆ, ಅಂದರೆ ಇಂತಿಷ್ಟು ಗಂಟೆಯೊಳಗೆ ಮುಗಿಸಬೇಕಾದ ದೂರದ ಸವಾರಿಗಳಿಗೆ ಹೋಗುತ್ತೇನೆ. 300 ಕಿಲೋಮೀಟರಿಗೆ 20 ಗಂಟೆ, 400ಕ್ಕೆ 27 ಗಂಟೆ. ರಾತ್ರಿ ಪೆಟ್ರೋಲ್ ಬಂಕಿನಲ್ಲೋ ಮುಚ್ಚಿದ ಅಂಗಡಿಯ ಜಗುಲಿಯಲ್ಲೋ ಅರ್ಧ ಗಂಟೆ ಕಣ್ಣು ಮುಚ್ಚಲೇಬೇಕು. ಜೊತೆಯವರೂ ಮಲಗಿರುತ್ತಾರೆ. ಆಗ ಏನು ಮಾಡಬೇಕು?

ಉತ್ತರ: ಇದು ನಿಜವಾಗಿ ಕಷ್ಟದ ಪ್ರಶ್ನೆ, ಏಕೆಂದರೆ ಅಲ್ಲಿ ಕಾವಲಿಗೆ ಕೂರುವ ಶಕ್ತಿ ಯಾರಿಗೂ ಉಳಿದಿರುವುದಿಲ್ಲ. ಆದಷ್ಟೂ ಬೆಳಕಿರುವ, ರಾತ್ರಿಯಿಡೀ ಜನರಿರುವ ಬಂಕಿನಲ್ಲೇ ಮಲಗಿ, ಅಲ್ಲಿಯ ಹುಡುಗರಿಗೆ ಒಂದು ಮಾತು ಹೇಳಿ. ಮುಚ್ಚಿದ ಅಂಗಡಿಯ ಜಗುಲಿ ಬೇಡ.

ಮಲಗುವ ಮೊದಲು ಮುಂದಿನ ಚಕ್ರ ಬಿಚ್ಚಿ ಹಿಂದಿನ ಚಕ್ರದ ಪಕ್ಕಕ್ಕಿಟ್ಟು, ಎರಡನ್ನೂ ಫ್ರೇಮಿಗೆ ಸೇರಿಸಿ ಹಗುರ ಬೀಗ ಹಾಕಿ. ಇಬ್ಬರಿದ್ದರೆ ಒಂದರ ಮುಖ ಅತ್ತ, ಇನ್ನೊಂದರ ಮುಖ ಇತ್ತ ಮಾಡಿ ಜೊತೆಗೂಡಿಸಿ ಬೀಗ ಹಾಕಿ; ಹಾಗೆ ಕಟ್ಟಿದ ಜೋಡಿಯನ್ನು ಹತ್ತಿ ಓಡಿಸಲೂ ಆಗದು, ತಳ್ಳಿಕೊಂಡು ಹೋಗಲೂ ಆಗದು. ಬೀಗವೇ ಇಲ್ಲದಿದ್ದರೆ ಹೆಲ್ಮೆಟ್ಟಿನ ಪಟ್ಟಿಯನ್ನು ಚಕ್ರ ಮತ್ತು ಫ್ರೇಮಿನೊಳಗಿಂದ ತೂರಿಸಿ ಕೊಂಡಿ ಹಾಕಿ, ಸರಪಳಿಯನ್ನು ಅತಿ ಭಾರದ ಗೇರಿಗೆ ಇಳಿಸಿಡಿ. ಹತ್ತಿದವನು ಮೊದಲ ತುಳಿತಕ್ಕೇ ತಡವರಿಸುತ್ತಾನೆ, ಸದ್ದಾಗುತ್ತದೆ, ನಿಮಗೆ ಎಚ್ಚರವಾಗುತ್ತದೆ. ದೀಪ, ಜಿಪಿಎಸ್ ಮತ್ತು ದಾರಿಯಲ್ಲಿ ಮುದ್ರೆ ಹಾಕಿಸುವ ಬ್ರೆವೆ ಕಾರ್ಡ್ ಜೇಬಿನಲ್ಲಿರಲಿ. ಸೈಕಲ್ ಉಳಿದರೂ ಕಾರ್ಡ್ ಕಳೆದರೆ ರಾತ್ರಿಯೆಲ್ಲ ತುಳಿದದ್ದಕ್ಕೆ ಲೆಕ್ಕವೇ ಇರುವುದಿಲ್ಲ.

ಪ್ರಶ್ನೆ (ಐಟಿ ಉದ್ಯೋಗಿ): ಸೀಟಿನ ಕೆಳಗೆ ಏರ್‌ಟ್ಯಾಗ್ (ವಸ್ತು ಎಲ್ಲಿದೆ ಎಂದು ಫೋನಿಗೆ ತಿಳಿಸುವ ಆಪಲ್‌ನ ಪುಟ್ಟ ಬಿಲ್ಲೆ) ಇಟ್ಟಿದ್ದೇನೆ. ಇನ್ನು ಚಿಂತೆಯಿಲ್ಲ ಅಲ್ಲವೇ?

ಉತ್ತರ: ಇಟ್ಟದ್ದು ಒಳ್ಳೆಯದೇ. ಆದರೆ ಅದರಲ್ಲಿ ಜಿಪಿಎಸ್ ಇಲ್ಲ. ಹತ್ತಿರದಲ್ಲಿ ಯಾರದಾದರೂ ಆಪಲ್ ಫೋನ್ ಹಾದುಹೋದರೆ ಅದರ ಮೂಲಕ ಜಾಗ ತಿಳಿಸುತ್ತದೆ. ಬೆಂಗಳೂರಿನಲ್ಲಿ ಚೆನ್ನಾಗಿ ಕೆಲಸ ಮಾಡಬಹುದು, ಹಳ್ಳಿಯ ಕೊಟ್ಟಿಗೆಯಲ್ಲಿ ಬಚ್ಚಿಟ್ಟರೆ ಸುದ್ದಿಯೇ ಬರದಿರಬಹುದು. ಯಾರನ್ನೂ ಗುಟ್ಟಾಗಿ ಹಿಂಬಾಲಿಸದಂತೆ ಅದು ಅಪರಿಚಿತರ ಫೋನಿಗೆ ಎಚ್ಚರಿಕೆಯನ್ನೂ ಕಳಿಸುತ್ತದೆ, ಆದ್ದರಿಂದ ಕದ್ದವನಿಗೂ ಗೊತ್ತಾಗಬಹುದು. ಸೀಟಿನ ಕೆಳಗೆ ಎಲ್ಲರೂ ಹುಡುಕುತ್ತಾರೆ, ಜಾಗ ಬದಲಿಸಿ. ಕಾರ್ಬನ್ ಅಥವಾ ಲೋಹದ ಕೊಳವೆಯ ಒಳಗೆ ಆಳವಾಗಿ ಇಟ್ಟರೆ ಸಂಕೇತ ಕುಗ್ಗುತ್ತದೆ, ಅದನ್ನೂ ನೆನಪಿಡಿ.

ನೀವು ಸವಾರಿಯ ದಾರಿಯನ್ನು, ಸವಾರಿ ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಹಾಕುವುದನ್ನು ನೋಡಿದ್ದೇನೆ. ನಕ್ಷೆ ನಿಮ್ಮ ಮನೆಯ ಗೇಟಿನಿಂದಲೇ ಶುರುವಾಗುತ್ತದೆ, ಜೊತೆಗೆ ಸೈಕಲ್‌ನ ಫೋಟೋ. ಆರಂಭ ಮತ್ತು ಕೊನೆಯ ಜಾಗ ಮರೆಮಾಡುವ ವ್ಯವಸ್ಥೆ ಅದರಲ್ಲೇ ಇದೆ. ದಯವಿಟ್ಟು ಇವತ್ತೇ ಮಾಡಿ.

ಪ್ರಶ್ನೆ (ಸೈಕಲ್ ಕಳೆದುಕೊಂಡ ಸದಸ್ಯ): ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ನನ್ನ ಕಥೆ. ಹೋದ ತಿಂಗಳು ಸವಾರಿಯೊಂದರಲ್ಲಿ ಕಳವಾಯಿತು. ಮೊಬೈಲಿನಲ್ಲೇ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ವರದಿ ಮಾಡಿದೆ. ವಿಮೆಯವರು ಅದು ಸಾಲದು ಎನ್ನುತ್ತಿದ್ದಾರೆ.

ಉತ್ತರ: ಬಹಳ ಬೇಸರವಾಯಿತು. ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುವಿಗೆ, ಕಳವಾದದ್ದಕ್ಕೆ ಅಲ್ಲ. ನಿಮಗೆ ಬೇಕಾದದ್ದು ಎಫ್‌ಐಆರ್. 2024ರ ಜುಲೈ 1ರಿಂದ ಕಳವು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಬರುತ್ತದೆ. ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯವರು ದೂರು ತೆಗೆದುಕೊಳ್ಳಬೇಕು. ಖರೀದಿಯ ಬಿಲ್ ತಪ್ಪದೆ ಒಯ್ಯಿರಿ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಪೊಲೀಸರು ನೇರವಾಗಿ ತನಿಖೆಗಿಳಿಯುವ ಪ್ರಕರಣ ಅದಾಗುವುದಿಲ್ಲ. ‘ಹಳೇ ಸೈಕಲ್ ತಾನೇ’ ಎಂಬ ಮಾತಿಗೆ ಬಿಲ್ಲೇ ಉತ್ತರ. ಫ್ರೇಮ್ ಸಂಖ್ಯೆ ದೂರಿನಲ್ಲಿ ಬರೆಸಿ. ಬಿಲ್ಲಿನಲ್ಲಿ ಇಲ್ಲದಿದ್ದರೆ ಕೊಂಡ ಅಂಗಡಿಯ ದಾಖಲೆಯಲ್ಲಿ ಸಿಗಬಹುದು, ಕೇಳಿ.

ಹಳೆಯ ವಸ್ತು ಮಾರುವ ಜಾಲತಾಣಗಳಲ್ಲಿ ನಿಮ್ಮದೇ ಸೈಕಲ್ ಕಂಡರೆ ಒಬ್ಬರೇ ಹೋಗಬೇಡಿ, ಠಾಣೆಗೆ ತಿಳಿಸಿ. ಸಂಖ್ಯೆ ಉಜ್ಜಿಹಾಕಿದ ಸೈಕಲ್ ನನ್ನ ಅಂಗಡಿಗೆ ರಿಪೇರಿಗೆ ಬಂದರೆ ನಾನು ಮುಟ್ಟುವುದಿಲ್ಲ. ಪರಿಚಯದ ಮೆಕ್ಯಾನಿಕ್‌ಗಳಿಗೆಲ್ಲ ನಿಮ್ಮ ಸೈಕಲ್‌ನ ಫೋಟೋ ಕಳಿಸುತ್ತೇನೆ. ಗೀರು, ಬದಲಾಯಿಸಿದ ಪೆಡಲ್, ಟೇಪಿನ ಬಣ್ಣ, ಏನೇ ಗುರುತಿದ್ದರೂ ಬರೆಯಿರಿ.

ಪ್ರಶ್ನೆ (ಹೊಸ ಸದಸ್ಯೆ): ಸರ್, ಇದನ್ನೆಲ್ಲ ಓದಿ ಈಗ ನನ್ನ ಸೈಕಲ್ಲನ್ನೂ ತಲೆಕೆಳಗು ಮಾಡಿ ನೋಡಿದೆ. ಪೆಡಲ್ ತಿರುಗುವ ಜಾಗದ ಅಡಿಯಲ್ಲಿ ಸಂಖ್ಯೆ ಇದೆ. ಕೆಸರು, ಎಣ್ಣೆ ಮೆತ್ತಿಕೊಂಡು ಒಂದು ಅಕ್ಷರ ಎಂಟೋ ಇಂಗ್ಲಿಷಿನ ‘ಬಿ’ಯೋ ತಿಳಿಯುತ್ತಿಲ್ಲ. ಬರುವ ಭಾನುವಾರ ಕಾವಲಿನ ಮೊದಲ ಪಾಳಿ ನನಗೇ ಕೊಡಿ.

ಉತ್ತರ: ಕೊಟ್ಟೆ ಮೇಡಂ. ಹಳೆಯ ಹಲ್ಲುಜ್ಜುವ ಬ್ರಶ್‌ಗೆ ಚೂರು ಸೀಮೆಎಣ್ಣೆ ಹಾಕಿ ಉಜ್ಜಿ, ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಅದರ ಮೇಲೆ ತೆಳು ಕಾಗದ ಒತ್ತಿಹಿಡಿದು ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಅಕ್ಷರ ಬಿಳಿಯಾಗಿ ಮೂಡುತ್ತದೆ. ಎಂಟಾದರೆ ಎಡಬದಿ ದುಂಡಗಿರುತ್ತದೆ, ‘ಬಿ’ಯಾದರೆ ನೆಟ್ಟಗೆ ಗೆರೆ. ಆ ಕಾಗದವನ್ನು ಬಿಲ್ಲಿನ ಜೊತೆ ಪಿನ್ ಮಾಡಿಡಿ, ಒಂದು ಫೋಟೋ ನನಗೂ ಕಳಿಸಿ.